ಅಡಗಿ ಕೂತ ವೈರಸ್

ಹೊಸೂರು, ತಳಿ, ಡೆಂಕಣಿಕೋಟೆ ಕಡೆ ನಾವು ರಾಗಿ ಬೆಳೆಯುತ್ತೇವೆ. ಕಳೆ ಕೀಳುತ್ತೇವೆ. ಹೊಲ ಹಸನಾಗಿ ಕಾಣುತ್ತದೆ. ಆದರೆ ಕಳೆಯ ಬೀಜ ಮಣ್ಣಿನಲ್ಲಿ ಉಳಿದಿರುತ್ತದೆ. ಎಷ್ಟೋ ದಿನದ ಮೇಲೆ ಮೊಳೆಯುತ್ತದೆ. ಕೆಲವು ವೈರಸ್‌ಗಳೂ ಹೀಗೆಯೇ.

ನಮ್ಮ ಮೈ ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ವೈರಸ್ ಜೀವಕೋಶದ ಒಳಗೆ ಸೇರಿಕೊಳ್ಳುತ್ತದೆ. ಎಚ್‌ಪಿವಿ ಅಂಥ ಒಂದು ವೈರಸ್. ಇದು ಗರ್ಭಕೋಶದ ಬಾಯಿಗೆ ತಗಲುತ್ತದೆ. ಗಂಡು ಹೆಣ್ಣು ಕೂಡುವಾಗ ಒಬ್ಬರಿಂದ ಒಬ್ಬರಿಗೆ ಬರುತ್ತದೆ. ಹೆಚ್ಚಿನ ಜನರಿಗೆ ಒಮ್ಮೆಯಾದರೂ ತಗಲುತ್ತದೆ. ನಾಚಿಕೆ ಬೇಡ. ಯಾರನ್ನೂ ದೂರುವುದು ಬೇಡ.

ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ಮೈಯೇ ಅದನ್ನು ಓಡಿಸುತ್ತದೆ. ಕೆಲವರಲ್ಲಿ ಅಡಗಿ ಕೂರುತ್ತದೆ. ನೋವಿಲ್ಲ, ಜ್ವರವಿಲ್ಲ.

ಜೀವಕೋಶದ ಬೆಳವಣಿಗೆಗೆ ಒಂದು ಬ್ರೇಕ್ ಇದೆ. ಅಡಗಿದ ವೈರಸ್ ಆ ಬ್ರೇಕನ್ನು ಕೆಡಿಸುತ್ತದೆ. ತೊಪ್ಪೂರು ಘಾಟಿಯಲ್ಲಿ ಲಾರಿಗೆ ಬ್ರೇಕ್ ಹೋದರೆ ಏನಾಗುತ್ತದೆ? ಹಾಗೆ ಜೀವಕೋಶ ತಡೆಯಿಲ್ಲದೆ ಬೆಳೆಯುತ್ತದೆ. ಅದೇ ಕ್ಯಾನ್ಸರ್. ಹೀಗಾಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಈ ವೈರಸ್ಸಿನಿಂದ ಕ್ಯಾನ್ಸರ್ ಬರುವುದನ್ನು ಕಂಡುಹಿಡಿದವರು ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್. ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು.

ಓದಿ, ಮಾತಾಡಿ

ಅಕ್ಕ: ನಂಗೇನೂ ನೋವಿಲ್ಲ ನರ್ಸಮ್ಮ. ಪರೀಕ್ಷೆ ಯಾಕೆ?

ನರ್ಸಮ್ಮ: ನೋವು ಬರೋ ಹೊತ್ತಿಗೆ ತಡ ಆಗಿರುತ್ತೆ ಅಕ್ಕ. 30 ವರ್ಷ ದಾಟಿದವರು ಮಾಡಿಸ್ಕೋಬೇಕು. ಸರ್ಕಾರಿ ಆಸ್ಪತ್ರೇಲಿ ದುಡ್ಡು ಕೊಡಬೇಕಿಲ್ಲ.

ಅಕ್ಕ: ಹೆಂಗೆ ನೋಡ್ತಾರೆ?

ನರ್ಸಮ್ಮ: ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ಹುಳಿ ನೀರು ಹಚ್ತಾರೆ. ಒಂದು ನಿಮಿಷ ಬಿಟ್ಟು ನೋಡ್ತಾರೆ. ಬೆಳ್ಳಗಾದ್ರೆ ಮುಂದಿನ ಪರೀಕ್ಷೆ. ಬೆಳ್ಳಗಾದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಮೊದಲೇ ಸಿಕ್ಕಿದ್ರೆ ಆ ಜಾಗಕ್ಕೆ ಮಾತ್ರ ಚಿಕಿತ್ಸೆ ಮಾಡಿ ಕ್ಯಾನ್ಸರ್ ತಡೀಬಹುದು.

ಅಕ್ಕ: ಮಗಳಿಗೆ 12 ವರ್ಷ.

ನರ್ಸಮ್ಮ: ಲಸಿಕೆ ಹಾಕ್ಸೋಕೆ 9ರಿಂದ 14 ವಯಸ್ಸು ಒಳ್ಳೇದು. ವೈರಸ್ ಬರೋಕೆ ಮುಂಚೆ ಹಾಕ್ಸಬೇಕು. ಒಳಗೆ ಕೂತ ವೈರಸ್ಸನ್ನ ಲಸಿಕೆ ಓಡಿಸಲ್ಲ.

ನೆನಪಿಡಿ

ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಕೂಡಿದ ಮೇಲೆ ರಕ್ತ ಹೋದರೆ, ಕೆಟ್ಟ ವಾಸನೆಯ ಬಿಳಿ ಸೆರಗು ಇದ್ದರೆ ಕೂಡಲೇ ಡಾಕ್ಟರಿಗೆ ತೋರಿಸಿ. ಕ್ಯಾನ್ಸರ್ ಎಂದರೂ ಎದೆಗುಂದಬೇಡಿ, ಚಿಕಿತ್ಸೆ ಇದೆ. ನಮಗೆ ಹತ್ತಿರದ ಬೆಂಗಳೂರಿನಲ್ಲಿ, ಹೊಸೂರು ರಸ್ತೆಯಲ್ಲೇ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ.

ಪದಗಳ ಅರ್ಥ

ಹಸನು – ಚೊಕ್ಕಟ
ಲಸಿಕೆ – ರೋಗ ತಡೆಯುವ ಚುಚ್ಚುಮದ್ದು
ಎದೆಗುಂದು – ಧೈರ್ಯ ಕಳೆದುಕೊಳ್ಳು

ಉತ್ತರ ಬರೆಯಿರಿ

1. ವೈರಸ್ ಎಲ್ಲಿ ಅಡಗಿರುತ್ತದೆ?
2. ನೋವಿಲ್ಲದಿದ್ದರೂ ಪರೀಕ್ಷೆ ಏಕೆ ಬೇಕು?
3. ನಿಮ್ಮ ಮನೆಯಲ್ಲಿ 30 ದಾಟಿದ ಹೆಂಗಸರು ಯಾರು? ಅವರ ಹೆಸರು ಬರೆಯಿರಿ. ಈ ಪಾಠ ಅವರಿಗೆ ಓದಿ ಹೇಳಿ.