ಇಂದಿನ ಧಮ್ಮ ಚಿಂತನೆ: ಒಂದೇ ಸೇವ್‌ನ ಆಟ



ಹುಬ್ಬಳ್ಳಿಯಲ್ಲಿ ಓದುವ ನಮ್ಮ ಅಣ್ಣನ ಮಗ ರಜೆಗೆ ಕುಬಿಹಾಳಕ್ಕೆ ಬಂದಿದ್ದ. ಒಂದು ರಾತ್ರಿ ಲ್ಯಾಪ್‌ಟಾಪ್ ಮುಂದೆ ತಲೆ ಹಿಡಿದುಕೊಂಡು ಕೂತಿದ್ದ. ‘ಏನಾತೋ?’ ಅಂದೆ. ‘60 ತಾಸಿನ ಆಟ ಹೋತು ಕಾಕಾ’ ಅಂದ. ಹಿಂದಿನ ಜಾಗದಿಂದ ಮತ್ತೆ ಶುರು ಮಾಡಿದರಾಯಿತಲ್ಲ ಅಂದೆ. ‘ಇದರಾಗ ಹಂಗ ಬರೂದಿಲ್ಲ’ ಅಂದ.

ಆಟದ ಹೆಸರು ಬಾಲ್ಡರ್ಸ್ ಗೇಟ್ 3. ಬೆಲ್ಜಿಯಂನ ಲಾರಿಯನ್ ಕಂಪನಿ 2023ರಲ್ಲಿ ತಂದದ್ದು. ಅದೇ ವರ್ಷ ನವೆಂಬರ್‌ನಲ್ಲಿ ಅದಕ್ಕೆ ‘ಆನರ್ ಮೋಡ್’ ಸೇರಿಸಿದರು. ಸಾಮಾನ್ಯ ಆಟದಲ್ಲಿ ಬೇಕಾದಲ್ಲಿ ಸೇವ್ ಮಾಡಿ, ಕೆಟ್ಟರೆ ಹಿಂದಕ್ಕೆ ಹೋಗಬಹುದು. ಇಲ್ಲಿ ಸೇವ್ ಒಂದೇ. ಮಾಡಿದ್ದೆಲ್ಲ ಅದರ ಮೇಲೇ ಬರೆದುಕೊಳ್ಳುತ್ತದೆ. ತಂಡದವರೆಲ್ಲ ಸತ್ತರೆ ಆಟ ಮುಂದುವರಿಸಬಹುದು, ಆದರೆ ‘ಆನರ್’ ಹೋಯಿತು. 2000ದಲ್ಲಿ ಬಂದ ಡಯಾಬ್ಲೊ 2ರ ಹಾರ್ಡ್‌ಕೋರ್ ಇನ್ನೂ ಕಠಿಣ. ಅಲ್ಲಿ ಪಾತ್ರ ಸತ್ತರೆ ಸತ್ತಂತೆಯೇ.

ಹುಡುಗ ಹೇಳಿದ ಇನ್ನೊಂದು ಮಾತು ನನ್ನನ್ನು ಹಿಡಿಯಿತು. ‘ಮೊದಲ ಹೆಂಗಿತ್ತಂದ್ರ, ಮಾತಾಡೂ ಮುಂಚೆ ಸೇವ್ ಮಾಡತಿದ್ದೆ. ಸುಳ್ಳ ಹೇಳಿ ನೋಡತಿದ್ದೆ, ಹೆದರಿಸಿ ನೋಡತಿದ್ದೆ, ಲಾಭ ಯಾವುದರಾಗ ಐತಿ ಅದನ್ನ ಇಟ್ಕೋತಿದ್ದೆ. ಎದುರಿನವ್ರು ಏನಂತಾರ ಅಂತ ಓದತಾನ ಇದ್ದಿಲ್ಲ. ಈಗ ಒಂದೊಂದು ಮಾತೂ ಓದತೀನಿ.’

ಮಜ್ಝಿಮ ನಿಕಾಯದ 61ನೆಯ ಸುತ್ತದಲ್ಲಿ ಭಗವಾನ್ ಬುದ್ಧರು ರಾಹುಲನಿಗೆ ಹೇಳುವುದೂ ಇದನ್ನೇ. ಕನ್ನಡಿ ಯಾತಕ್ಕೆ ಎಂದು ಕೇಳುತ್ತಾರೆ. ನೋಡಿಕೊಳ್ಳಲು ಎನ್ನುತ್ತಾನೆ ರಾಹುಲ. ಹಾಗೆಯೇ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೊ ಎನ್ನುತ್ತಾರೆ. ಮಾಡಿದ ಮೇಲೆ ತಪ್ಪು ಕಂಡರೆ? ತಿಳಿದವರ ಮುಂದೆ ಒಪ್ಪಿಕೊ, ಮುಂದೆ ಸಂಯಮದಿಂದಿರು ಎನ್ನುತ್ತಾರೆ. ಅಳಿಸಿಬಿಡು ಎನ್ನುವುದಿಲ್ಲ.

ಹೋದ ವರ್ಷ ಇದೇ ಗ್ರೂಪ್‌ನಲ್ಲಿ ನಾನು ನಮ್ಮವರೊಬ್ಬರ ಪಟ್ಟಿ ಲೆಕ್ಕದ ಬಗ್ಗೆ ವಿಚಾರಿಸದೆ ಒಂದು ಮಾತು ಹಾಕಿದ್ದೆ. ತಾಸಿನಲ್ಲಿ ಅದು ಸುಳ್ಳೆಂದು ತಿಳಿಯಿತು. ಎಲ್ಲರಿಗೂ ಡಿಲೀಟ್ ಒತ್ತಿದೆ. ಅಕ್ಷರ ಹೋದವು, ಓದಿದವರು ಓದಿಯಾಗಿತ್ತು. ಗ್ರೂಪ್‌ನಲ್ಲೇ ತಪ್ಪೊಪ್ಪಿಕೊಂಡೆ, ಮನೆಗೂ ಹೋದೆ. ಚಹಾ ಕೊಟ್ಟರು. ಮೂರು ತಿಂಗಳ ಮೇಲೆ ವಂದನೆಗೆ ಬರತೊಡಗಿದರು. ಲೆಕ್ಕದ ವಹಿಯನ್ನು ಮಾತ್ರ ಇವತ್ತಿಗೂ ಮುಟ್ಟುವುದಿಲ್ಲ.

ಒಂದು ಎಚ್ಚರಿಕೆ. ‘ಮಾಡಿದ್ದು ಅಳಿಯುವುದಿಲ್ಲ’ ಎಂದೊಡನೆ ನಮ್ಮ ಹಿರಿಯರನ್ನು ಊರ ಹೊರಗೆ ಕೂರಿಸಿದ ಹಿಂದಿನ ಜನ್ಮದ ಲೆಕ್ಕವನ್ನು ಯಾರೂ ಎಳೆದು ತರಬೇಡಿ. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರು ಅದು ಬುದ್ಧರ ಮಾತಲ್ಲವೆಂದು ಬೇರ್ಪಡಿಸಿಯೇ ಹೇಳಿದ್ದಾರೆ. ನಾನು ಹೇಳುತ್ತಿರುವುದು ಈ ಜನ್ಮದ, ನನ್ನದೇ ಬಾಯಿಯ ಲೆಕ್ಕ. ಅಂಗುಲಿಮಾಲ ಭಿಕ್ಷುವಾದ ಮೇಲೂ ಭಿಕ್ಷೆಗೆ ಹೋದಾಗ ಕಲ್ಲೇಟು ಬಿದ್ದವು, ತಲೆ ಒಡೆದು ರಕ್ತ ಬಂತು. ತಾಳಿಕೊ ಎಂದರು ಬುದ್ಧರು. ಆದರೆ ಸಂಘದಿಂದ ಹೊರಗೆ ಕಳಿಸಲಿಲ್ಲ. ಅವನು ಅರಹಂತನೂ ಆದ.

ಹುಡುಗ ಬಸ್ ಹತ್ತುವ ಮುಂಚೆಯೇ ಮತ್ತೆ ಮೊದಲಿನಿಂದ ಆಟ ಶುರು ಮಾಡಿದ್ದ, ಅದೇ ಮೋಡ್‌ನಲ್ಲಿ.

ಈ ಭಾನುವಾರ ವಂದನೆಯ ನಂತರ ರಾಹುಲನ ಸುತ್ತವನ್ನೇ ಓದೋಣ. ಲೆಕ್ಕದ ವಹಿಯ ಮಾತನ್ನೂ ಅಂದು ನಾನೇ ಎತ್ತುತ್ತೇನೆ.

ಭವತು ಸಬ್ಬ ಮಂಗಲಂ. ಜೈ ಭೀಮ್.