ಹೊಸ್ತಿಲಾಚೆಯ ಚಿಂತೆ

ದೀಪ ಹಚ್ಚುವ ಹೊತ್ತು ಕಳೆದರೂ ಮಕ್ಕಳು ಮನೆಗೆ ಬಾರದಿದ್ದರೆ ಹೆತ್ತವರ ಕಿವಿ ಬಾಗಿಲ ಕಡೆಗೇ ಇರುತ್ತದೆ. ಹದಿನಾಲ್ಕು ಹದಿನೈದರ ವಯಸ್ಸಿನವರಿಗೆ ಈ ಕಳವಳ ಅತಿಯೆಂದು ತೋರಬಹುದು. ಮೊಬೈಲ್ ಫೋನ್ ಬಂದಮೇಲೂ ಅದು ತಗ್ಗಿಲ್ಲ. ಕರೆಗೆ ಉತ್ತರ ಬಾರದಿದ್ದಾಗ ಇಮ್ಮಡಿಯಾಗುವುದೂ ಉಂಟು. ಆದರೆ ಈ ಕಳವಳ ನಿಜವಾದ ಅಪಾಯದ ಕಡೆಗೆ ತಿರುಗಿದೆಯೇ ಎಂಬುದು ವಿಚಾರಿಸತಕ್ಕ ಮಾತು.

ಅನೇಕ ಮನೆಗಳಲ್ಲಿ ಮಗಳು ಗೆಳತಿಯ ಮನೆಗೆ ಹೊರಟರೆ ಹತ್ತು ಪ್ರಶ್ನೆಗಳೇಳುತ್ತವೆ. ಮಗನು ತಂದೆಯ ಮೋಟಾರ್ ಸೈಕಲ್ಲನ್ನೇರಿ ಹೊರಟರೆ ಒಂದೂ ಏಳುವುದಿಲ್ಲ. ಹೆಣ್ಣುಮಕ್ಕಳ ವಿಷಯದ ಅಂಜಿಕೆ ಹುಸಿಯೆನ್ನಲಾಗದು. ಆದರೂ ಭಾರತದಲ್ಲಿ ರಸ್ತೆ ಅಪಘಾತಗಳಲ್ಲಿಯೂ ನೀರಿನಲ್ಲಿ ಮುಳುಗಿಯೂ ಸಾಯುವವರಲ್ಲಿ ಹೆಚ್ಚಿನವರು ಗಂಡಸರು. ಹದಿನೆಂಟು ತುಂಬದವರು ಇಂತಹ ಮೋಟಾರ್ ಸೈಕಲ್ಲನ್ನು ನಡೆಸಬಾರದೆಂದು 1988ರ ಮೋಟಾರು ವಾಹನ ಕಾಯಿದೆ ವಿಧಿಸಿದೆ. 2019ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಅಪ್ರಾಪ್ತ ವಯಸ್ಸಿನವನು ವಾಹನ ನಡೆಸಿ ಅಪರಾಧವೆಸಗಿದರೆ ಅವನ ಪಾಲಕನಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷಗಳವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಉಂಟು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ದೊರೆಯದು. ಬೀಗದ ಕೈ ಕೊಟ್ಟವರನ್ನೂ ಕಾನೂನು ಹೊಣೆ ಮಾಡಿದ್ದು ಉಚಿತವೇ.

ಬೇಸಿಗೆಯ ರಜೆ ಬಂತೆಂದರೆ ನೀರಿನ ಸೆಳೆತ. ಮಂಡ್ಯ ಜಿಲ್ಲೆಯ ಮುತ್ತತ್ತಿಯಲ್ಲಿ ಕಾವೇರಿ ನೋಡಲು ಶಾಂತ. ಬಂಡೆಗಳ ನಡುವೆ ಸುಳಿಗಳು. ಈಜು ಬಲ್ಲವರೂ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಕಲ್ಲು ತೆಗೆದು ಬಿಟ್ಟ ಕ್ವಾರಿಗಳು ಇನ್ನೂ ಕೆಟ್ಟವು. ಕೆರೆಗೆ ಇಳಿಜಾರಾದ ದಡವಿರುತ್ತದೆ. ಕ್ವಾರಿಯ ಅಂಚು ಗೋಡೆಯಂತಹುದು. ಒಂದು ಹೆಜ್ಜೆಗೆ ನೆಲ ಸಿಕ್ಕರೆ ಮುಂದಿನದಕ್ಕೆ ಸಿಗದು. ಹತ್ತಿಬರಲು ಹಿಡಿತವೂ ಇರದು. ಮುಳುಗುವವನನ್ನು ಉಳಿಸಲೆಂದು ಹಾರಿದ ಗೆಳೆಯನನ್ನು ಅವನು ಗಾಬರಿಯಿಂದ ಬಿಗಿದಪ್ಪಿದಾಗ ಇಬ್ಬರೂ ಮುಳುಗುತ್ತಾರೆ. ನೀರಿಗಿಳಿಯದೆ ದಡದಿಂದಲೇ ಹಗ್ಗವನ್ನೋ ಗಳುವನ್ನೋ ಪಂಚೆಯನ್ನೋ ಚಾಚಬೇಕು, ಕೂಗಿ ದೊಡ್ಡವರನ್ನು ಕರೆಯಬೇಕು, 112ಕ್ಕೆ ತಿಳಿಸಬೇಕು.

ಇಷ್ಟನ್ನು ಕೇಳಿ, ಮಕ್ಕಳನ್ನು ಮನೆಯಲ್ಲಿಯೇ ಇರಿಸುವೆವೆನ್ನುವ ಹಿರಿಯರುಂಟು. ಕಾರಣ ತಿಳಿಸದೆ ಬೇಡವೆಂದರೆ ಕೆಲವರು ಹೇಳದೆಯೇ ಹೋಗುತ್ತಾರೆ. ಹೊತ್ತು ಮೀರಿದಾಗ ಎಲ್ಲಿ ಹುಡುಕಬೇಕೆಂಬುದೇ ಮನೆಯವರಿಗೆ ತಿಳಿಯದು. ಹೇಳಿದ ಮಾತು ಕೇಳಿ ಉಳಿದವರ ನಷ್ಟ ಬೇರೆಯದು. ಪಕ್ಕದ ಊರಿನ ಪ್ರೌಢಶಾಲೆಗೆ ಒಬ್ಬಳೇ ನಡೆದುಹೋಗಬೇಕಲ್ಲಾ ಎಂಬ ಭಯದಿಂದ ಓದು ನಿಂತ ಹುಡುಗಿಯರು ಎಷ್ಟೋ ಮಂದಿ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡತೊಡಗಿತು. ಹಳ್ಳಿಯ ದಾರಿಗಳಲ್ಲಿ ಹುಡುಗಿಯರು ನಾಲ್ಕಾರು ಮಂದಿ ಜೊತೆಗೂಡಿ ಶಾಲೆಗೆ ಹೊರಟರು. ದಾರಿಯ ದೂರ ಮೊದಲಿನಷ್ಟೇ ಇತ್ತು; ಜೊತೆಯವರು ಯಾರು, ಮರಳುವ ಹೊತ್ತು ಯಾವುದು ಎಂಬುದು ಮಾತ್ರ ಮನೆಯವರಿಗೆ ತಿಳಿದಿತ್ತು.