ಪೊಟ್ಟಣದ ಮೇಲೆ ನಿಜವಾದ ಬೆಲೆಯನ್ನೇ ಬರಿ, ಮಗಳೇ

ಇಳಕಲ್ ಸೀರೆ ಮಾರೋಕೆ ಹೊರಟಿದ್ದೀಯ, ಕೇಳಿ ಹಿಗ್ಗಿದೆ. ಫೋಟೋ ಚೆಂದ ತೆಗೀತೀಯ, ಗಿರಾಕಿ ಹತ್ತಿರ ಮಾತೂ ಚೆಂದ ಆಡ್ತೀಯ. ಫಾರಂ ತುಂಬೋ ಹೊತ್ತಿಗೆ ಮಾತ್ರ ನಿನಗೆ ಎಲ್ಲಿಲ್ಲದ ಅವಸರ. ಕೊರಿಯರ್ ಹುಡುಗ "ಬೆಲೆ ಎಷ್ಟು ಬರೀಲಿ ಅಕ್ಕಾ?" ಅಂದರೆ "ಏನೋ ಐನೂರು ಬರ್ಕೊಳ್ಳಪ್ಪ" ಅಂತೀಯ. ಒಳಗಿರೋದು ನಾಲ್ಕೂವರೆ ಸಾವಿರದ ಸೀರೆ!

ಕೇಳಿಲ್ಲಿ. ಮಾಲಿನ ಬೆಲೆ ಬೇರೆ, ಬಾಗಿಲಲ್ಲಿ ವಸೂಲಿ ಮಾಡೋ ದುಡ್ಡು ಬೇರೆ. 4,500ರ ಸೀರೆಗೆ 1,500 ಮುಂಗಡ ಬಂದಿದ್ದರೆ ಕ್ಯಾಶ್ ಆನ್ ಡೆಲಿವರಿ ಜಾಗದಲ್ಲಿ 3,000 ಬರಿ. ಬೆಲೆಯ ಜಾಗದಲ್ಲಿ 4,500 ಇರಲಿ, ಬಿಲ್ಲಿನಲ್ಲೂ ಅಷ್ಟೇ ಇರಲಿ. ಎರಡೂ ಕಡೆ ಒಂದೇ ಅಂಕಿ ಗೀಚಿ ಎದ್ದು ಬರೋರು ಬಹಳ ಮಂದಿ.

ಕಡಿಮೆ ಬರೆದರೆ ವಿಮೆಯ ನಾಲ್ಕು ಕಾಸು ಉಳಿಯುತ್ತೆ, ಒಪ್ಪಿದೆ. ಪೊಟ್ಟಣ ಕಳೆದುಹೋದ ದಿನ ನೀನು ಎಷ್ಟು ಅತ್ತರೂ ಕೊರಿಯರ್‌ನವರು ನೋಡೋದು ನೀನೇ ಬರೆದ ಐನೂರನ್ನ. ಹೆಚ್ಚು ಬರೆದ ಮಾತ್ರಕ್ಕೆ ಅಷ್ಟೂ ಕೈಗೆ ಬರುತ್ತೆ ಅಂತಲೂ ತಿಳೀಬೇಡ. ರಸ್ತೆ ಸಾಗಾಟಕ್ಕೆ 2007ರಲ್ಲಿ ಬಂದ ಕಾಯ್ದೆಯೇ ಸಾಗಣೆದಾರನ ಹೊಣೆಗೆ ಮಿತಿ ಹಾಕಿದೆ. ಹೆಚ್ಚಿನ ಹೊಣೆ ಬೇಕಂದರೆ ಹೆಚ್ಚಿನ ದರ ಕಟ್ಟಬೇಕು. ಅದಕ್ಕೇ ಹೇಳೋದು, ವಿಮೆ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳು. ನಾಚಿಕೆ ಯಾಕೆ?

ಮುಂಚೆಯೇ ದುಡ್ಡು ಬಂದ ಮಾಲಿಗಿಂತ ಕ್ಯಾಶ್ ಆನ್ ಡೆಲಿವರಿಯಲ್ಲಿ ಎಚ್ಚರ ಹೆಚ್ಚು ಬೇಕು. 1877ರಲ್ಲಿ ನಮ್ಮ ಅಂಚೆಯವರು ವಿ.ಪಿ.ಪಿ. ಶುರು ಮಾಡಿದಾಗಿನಿಂದ ಈ ವ್ಯಾಪಾರದ ಗುಣ ಬದಲಾಗಿಲ್ಲ: ಪೊಟ್ಟಣ ಮುಂದೆ ಹೋಗುತ್ತೆ, ದುಡ್ಡು ಹಿಂದೆ ಬರುತ್ತೆ. ಕಾಗದದ ಪುಸ್ತಕವೇ ಆಗಲಿ, ನಿನ್ನ ಸೀರೆಯೇ ಆಗಲಿ, ಗಿರಾಕಿ "ಬೇಡ" ಅಂದರೆ ಮಾಲು ಅದೇ ದಾರಿ ಹಿಡಿದು ವಾಪಸ್ ಬರಬೇಕು. ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ, ಎರಡು ಸಲವೂ ನಷ್ಟದ ಭಯ ನಿನ್ನದೇ. ನೇಯ್ದವರಿಗೆ ಕೊಡಬೇಕಾದ ಕೂಲಿಯಂತೂ ಕಾಯೋದಿಲ್ಲ.

ಜಾಸ್ತಿ ಪರಿಹಾರದ ಆಸೆಗೆ ಬೆಲೆ ಏರಿಸಿ ಬರೆಯೋದೂ ಬೇಡ. ಬಿಲ್ಲು ಒಂದು ಹೇಳಿ ಚೀಟಿ ಇನ್ನೊಂದು ಹೇಳಿದರೆ ನಿನ್ನ ನಿಜವಾದ ದೂರನ್ನೂ ಯಾರೂ ನಂಬೋದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೋದಿಲ್ಲ. ಮುಂದೆ ಅಂಗಡಿಯವರಿಗೆ ಗಂಟುಗಟ್ಟಲೆ ಹೊರರಾಜ್ಯಕ್ಕೆ ಕಳಿಸ್ತೀಯಲ್ಲ, ಆಗ ಮಾಲು 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಬೆಲೆ ಇಳಿಸಿ ಅದನ್ನ ತಪ್ಪಿಸೋಕೆ ಹೋದರೆ ದಾರೀಲಿ ಗಾಡಿ ನಿಲ್ಲಿಸ್ತಾರೆ.

ಕಟ್ಟುವಾಗ ಸೀರೆಯ ಫೋಟೋ ತೆಗೆದಿಡು, ತೂಕದ ಚೀಟಿ ಬಿಸಾಡಬೇಡ. ವಾಪಸ್ ಬಂದ ಪೊಟ್ಟಣ ಹರಿದಂತೆ, ಬಿಚ್ಚಿ ಅಂಟಿಸಿದಂತೆ ಕಂಡರೆ ಸಹಿ ಹಾಕೋ ಮುಂಚೆ ಆ ಹುಡುಗನ ಕೈಯಲ್ಲೇ ಹಾಗಂತ ಬರೆಸ್ಕೋ.